ಗ್ರೀಕರ ಕೂದಲು, ನಮ್ಮ ರೂಪಕ

ಪ್ರಿಯರೇ,

ನೀವು ಕಳಿಸಿದ ಕಥೆಯಲ್ಲಿ ನಾಯಕಿಯ ಕೂದಲು ಮೊದಲು ಕಾರ್ಮೋಡವಾಗುತ್ತದೆ, ಆಮೇಲೆ ಜಲಪಾತವಾಗುತ್ತದೆ, ಕೊನೆಗೆ ಅಮಾವಾಸ್ಯೆಯ ಇರುಳೂ ಆಗುತ್ತದೆ. ಆದರೆ ಅದು ಹೆರಳೋ, ತುರುಬೋ, ಎಣ್ಣೆ ಕಾಣದೆ ಕೆದರಿದ್ದೋ ಎಂಬುದು ಮಾತ್ರ ಎಲ್ಲಿಯೂ ತಿಳಿಯುವುದಿಲ್ಲ. ಈ ವಿಷಯದಲ್ಲಿ ಪ್ರಾಚೀನ ಗ್ರೀಕ್ ಕವಿಗಳನ್ನು ಗಮನಿಸಿ ಎಂದು ಹೇಳುವುದಕ್ಕೇ ಈ ಪತ್ರ.

ಅವರಲ್ಲಿ ಒಂದು ಎಳೆಗೆ 'ಥ್ರಿಕ್ಸ್', ತಲೆಯ ಮೇಲೆ ಬೆಳೆಸಿಕೊಂಡ ಕೂದಲಿಗೆ 'ಕೊಮೆ', ಹರಡಿಕೊಂಡ ಕೂದಲಿಗೂ ಕುದುರೆಯ ಕೇಸರಕ್ಕೂ 'ಖೈಟೆ', ಹೆಣೆದ ಜಡೆಗೆ 'ಪ್ಲೊಕಮೊಸ್'. ಹೋಮರನ ಮಹಾಕಾವ್ಯ 'ಇಲಿಯಡ್'ನಲ್ಲಿ ದೇವತೆಗಳ ಒಡೆಯ ಸ್ಯೂಸ್ ತಲೆದೂಗಿದಾಗ ಅಲುಗುವುದು ಖೈಟೆ. ಅದರೊಡನೆ ಒಲಿಂಪಸ್ ಪರ್ವತವೇ ನಡುಗುತ್ತದೆ. ಅದೇ ಕಾವ್ಯದ ಎರಡನೆಯ ಸರ್ಗದಲ್ಲಿ ಬಾಯಿಬಡುಕ ಥೆರ್ಸಿಟೀಸನ ಚೂಪು ನೆತ್ತಿಯ ಮೇಲಿರುವುದು ಬರೀ ವಿರಳವಾದ 'ಲಖ್ನೆ', ಎಂದರೆ ತುಪ್ಪುಳು. ಮುದುಕ ನೆಸ್ಟರನ ಕಂಬಳಿಯ ನವಿರಿಗೂ ಕವಿ ಬಳಸುವುದು ಆ ಮಾತನ್ನೇ. ಥೆರ್ಸಿಟೀಸನನ್ನು ಹಾಸ್ಯಾಸ್ಪದನನ್ನಾಗಿಸಲು ಕವಿಗೆ ಬೇರೆ ಉಪಮೆಯೇ ಬೇಕಾಗಲಿಲ್ಲ.

ಹೋಮರನದೇ ಇನ್ನೊಂದು ಕಾವ್ಯ 'ಒಡಿಸ್ಸಿ'ಯ 23ನೆಯ ಸರ್ಗವನ್ನು ನಿಧಾನವಾಗಿ ಓದಿ. ಬೇರುಬಿಟ್ಟ ಆಲಿವ್ ಮರದ ಕಾಂಡವನ್ನೇ ಕಾಲಾಗಿಸಿ ಮಂಚ ಮಾಡಿದ ಬಗೆಯನ್ನು ಹೆಂಡತಿಗೆ ವಿವರಿಸುತ್ತ, ಬಹುಕಾಲದ ಮೇಲೆ ಮನೆಗೆ ಮರಳಿದ ನಾಯಕ ಒಡಿಸ್ಯೂಸ್, ಆ ಮರದ ಕೊಮೆಯನ್ನು ಕಡಿದು ಹಾಕಿದೆ ಎನ್ನುತ್ತಾನೆ. ಎಲೆತುಂಬಿದ ತಲೆಗೆ ಕೂದಲ ಹೆಸರು! ಆದರೂ ಅಲ್ಲಿ ಆಡಂಬರವಿಲ್ಲ. ಮುಂದಿನ ಸಾಲಿನಲ್ಲಿ ಅವನು ಬುಡವನ್ನು ಕೆತ್ತಿ, ನೂಲು ಹಿಡಿದು ನೇರಮಾಡುವ ಬಡಗಿಯಷ್ಟೇ. ಬಂದವನು ಗಂಡನೇ ಎಂದು ಗುರುತು ಹಿಡಿಯಬೇಕಾದ ಹೆಂಡತಿಗೆ ಬೇಕಾದದ್ದು ಮಂಚದ ವಿವರ, ಮರದ ವರ್ಣನೆಯಲ್ಲ ಎಂಬುದು ಕವಿಗೆ ಗೊತ್ತು.

ಗದ್ಯದಲ್ಲಿಯೂ ಹೀಗೆಯೇ. ಒಲಿಂಪಿಕ್ ಕ್ರೀಡಾಕೂಟದಲ್ಲಿ ಗೆದ್ದಿದ್ದ ಅಥೆನ್ಸಿನ ಕೈಲನ್ ಸರ್ವಾಧಿಕಾರಕ್ಕೆ ಆಸೆಪಟ್ಟದ್ದನ್ನು ಇತಿಹಾಸಕಾರ ಹೆರೊಡೊಟಸ್ ಹೇಳುವಾಗ ಬಳಸುವ ಕ್ರಿಯಾಪದದ ಮೂಲಾರ್ಥ ಉದ್ದ ಕೂದಲು ಬಿಡುವುದು. ನೀಳಗೂದಲು ಸಿರಿವಂತರ ಠೀವಿಯಾಗಿದ್ದ ಊರಿನಲ್ಲಿ ಆ ಪದಕ್ಕೆ ಗರ್ವದ ಅರ್ಥ ತಾನಾಗಿ ಅಂಟಿಕೊಂಡಿತ್ತು. ಲೇಖಕ ಅದನ್ನು ಎತ್ತಿಕೊಂಡನಷ್ಟೆ. ಧೂಮಕೇತುವನ್ನು 'ಕೊಮೆಟೆಸ್', ಅಂದರೆ ಕೂದಲುಳ್ಳದ್ದು ಎಂದು ಕರೆದವರೂ ಗ್ರೀಕರೇ. ಸುತ್ತಲೂ ಸಮನಾಗಿ ಬೆಳಕು ಚಾಚಿದರೆ ಆ ಹೆಸರು, ಒಂದೇ ಕಡೆ ಉದ್ದಕ್ಕೆ ಚಾಚಿದರೆ 'ಗಡ್ಡದ ನಕ್ಷತ್ರ' ಎಂದು ಅರಿಸ್ಟಾಟಲ್ ಭೇದಮಾಡುತ್ತಾನೆ. (ನಮ್ಮವರಿಗೆ ಅಲ್ಲಿ ಕಂಡದ್ದು ಬಾಲ.)

ಆದ್ದರಿಂದ ಕಾರ್ಮೋಡ, ಜಲಪಾತ, ಅಮಾವಾಸ್ಯೆ ಮೂರನ್ನೂ ಹೊಡೆದುಹಾಕಿ, ನಿಮ್ಮ ನಾಯಕಿ ಆ ಬೆಳಿಗ್ಗೆ ತಲೆ ಬಾಚಿಕೊಂಡಿದ್ದಳೇ ಎಂಬುದನ್ನು ಮೊದಲು ನಿರ್ಧರಿಸಿ. ತಿದ್ದಿದ ಪ್ರತಿಯನ್ನು ಓದಲು ಕಾದಿರುತ್ತೇನೆ.

ಇಂತು ನಿಮ್ಮ ಹಿತೈಷಿ