ಸೂರ್ಯಕಾಂತಿ ಜೊಳ್ಳಾಗುವುದೇಕೆ?

ಮಾನ್ಯರೇ,

ಸೂರ್ಯಕಾಂತಿ ತೆನೆಯ ನಡುವೆ ಕಾಳು ಜೊಳ್ಳಾದರೆ ಬೀಜ ಮಾರಿದವರನ್ನು ಬೈಯುವುದು ರೂಢಿ. ಎಷ್ಟೋ ಸಲ ತಪ್ಪು ಸಿಂಪಡಣೆಯದು. ಹೂವರಳಿದಾಗ ಹಗಲಲ್ಲಿ ಕೀಟನಾಶಕ ಹೊಡೆದರೆ ಜೇನು ಸಾಯುತ್ತದೆ. ಪರಾಗ ಸಾಗಿಸುವವರೇ ಇಲ್ಲದೆ ಕಾಳು ಕಟ್ಟೀತು ಹೇಗೆ? ಹೊಡೆಯಲೇಬೇಕಿದ್ದರೆ ಸಂಜೆ ಹೊಡೆಯಲಿ.

ಜೇನು ಕಡಿಮೆಯಿದ್ದಲ್ಲಿ ಬೆಳಿಗ್ಗೆ 8ರಿಂದ 11ರೊಳಗೆ ಮೆತ್ತನೆ ಬಟ್ಟೆ ಸುತ್ತಿದ ಕೈಯಿಂದ ತೆನೆಗಳನ್ನು ಒಂದೊಂದಾಗಿ ಹಗುರವಾಗಿ ಸವರಬೇಕು. ಹೂ ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಅರಳುವುದರಿಂದ ಒಮ್ಮೆ ಸವರಿದರೆ ಸಾಲದು, ದಿನ ಬಿಟ್ಟು ದಿನ ಮಾಡಬೇಕು. ಎಸಳು ಬಿಚ್ಚುವ ಹಂತದಲ್ಲಿ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ (ಬೋರಾನ್ ಪೋಷಕಾಂಶವಿರುವ ಲವಣ) ಬೆರೆಸಿ ಸಿಂಪಡಿಸುವುದೂ ಕಾಳು ತುಂಬಲು ನೆರವಾಗುತ್ತದೆ. ಬೋರಾಕ್ಸನ್ನು ಮೊದಲು ಬಿಸಿನೀರಿನಲ್ಲಿ ಕರಗಿಸಿಕೊಳ್ಳಬೇಕು.

ರೈತ ಸಂಪರ್ಕ ಕೇಂದ್ರಗಳು ಬೀಜ ಕೊಡುವಾಗಲೇ ಇದನ್ನು ತಿಳಿಸಲಿ.

– ಸೂರ್ಯಕಾಂತಿ ಬೆಳೆಗಾರರು, ಚಿತ್ರದುರ್ಗ ಜಿಲ್ಲೆ