ಕಾದವರಿಗೇ ಗೊತ್ತು ಹೊತ್ತಿನ ಉದ್ದ

ಮಾನ್ಯರೇ,

ಕಳೆದ ವಾರ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ, ಎರಡು ಗಂಟೆಯಿಂದ ಕಾಯುತ್ತಿದ್ದೇವೆಂದು ಎಪ್ಪತ್ತೆರಡು ವರ್ಷದ ನಮ್ಮ ಅಪ್ಪಯ್ಯ ಹೇಳಿದಾಗ, ಕೌಂಟರಿನಲ್ಲಿದ್ದವರು 'ವಯಸ್ಸಾದವರಿಗೆ ಹಾಗೇ ಅನ್ನಿಸುತ್ತೆ' ಎಂದು ನಕ್ಕರು. ಚೀಟಿಯಲ್ಲಿ ಅಚ್ಚಾಗಿದ್ದ ಸಮಯದ ಪ್ರಕಾರ ಆಗಲೇ ಎರಡು ಗಂಟೆ ಹತ್ತು ನಿಮಿಷ ಕಳೆದಿತ್ತು.

ಮುದುಕರಿಗೆ ಹೊತ್ತು ಹೋಗುವುದಿಲ್ಲ, ಹೆಂಗಸರಿಗೆ ಹೊತ್ತಿನ ಪರಿವೆಯಿಲ್ಲ ಎಂಬ ಮಾತುಗಳನ್ನು ನಾವು ಸಲೀಸಾಗಿ ಆಡುತ್ತೇವೆ. ಐವತ್ತು ವರ್ಷದವರಿಗೆ ಒಂದು ವರ್ಷವೆಂದರೆ ಬದುಕಿನ ಐವತ್ತರಲ್ಲೊಂದು ಪಾಲು, ಹತ್ತು ವರ್ಷದ ಮಗುವಿಗೆ ಹತ್ತರಲ್ಲೊಂದು, ಆದ್ದರಿಂದಲೇ ವಯಸ್ಸಾದಂತೆ ವರ್ಷಗಳು ಓಡುತ್ತವೆ ಎಂದು ಫ್ರಾನ್ಸಿನ ತತ್ತ್ವಜ್ಞಾನಿ ಪಾಲ್ ಜಾನೆ 1877ರಲ್ಲೇ ವಾದಿಸಿದ್ದರು. ಲೆಕ್ಕವೇನೋ ಚೆಂದ. ಆದರೆ 14ರಿಂದ 94 ವರ್ಷದ 499 ಮಂದಿಯನ್ನು ವಿಟ್‌ಮನ್ ಮತ್ತು ಲೆನ್‌ಹಾಫ್ ಪ್ರಶ್ನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಳೆದ ವಾರ, ಕಳೆದ ತಿಂಗಳು ಎಷ್ಟು ಬೇಗ ಸರಿದವೆಂಬ ಉತ್ತರಗಳಲ್ಲಿ ವಯಸ್ಸಿನ ಪ್ರಭಾವ ಅಷ್ಟಾಗಿ ಕಾಣಲಿಲ್ಲ. ಕಳೆದ ಹತ್ತು ವರ್ಷಗಳ ಮಾತು ಬಂದಾಗ ಮಾತ್ರ ಅದು ಸ್ಪಷ್ಟವಾಯಿತು. ಹೆಣ್ಣು ಗಂಡಿನ ನಡುವೆ ಸಂಶೋಧಕರು ಕಂಡಿರುವ ವ್ಯತ್ಯಾಸವೂ ಚಿಕ್ಕದೇ. ಹೊತ್ತನ್ನು ಅಂದಾಜಿಸಬೇಕೆಂದು ಮೊದಲೇ ತಿಳಿಸಿದ್ದರೋ ಇಲ್ಲವೋ ಎಂಬುದರ ಮೇಲೆ ಅದೂ ಬದಲಾಗುತ್ತದೆ.

ಮಳೆಗೆ ಕರೆಂಟು ಹೋದ ಸಂಜೆಯೊಂದರಲ್ಲಿ, ಗಡಿಯಾರ ನೋಡದೆ ಮೂರು ನಿಮಿಷವಾದಾಗ ಹೇಳಿ ಎಂದು ಮನೆಯವರನ್ನೆಲ್ಲ ಕೇಳಿದೆ. ಮಗಳು ಎರಡೂವರೆ ನಿಮಿಷಕ್ಕೇ ಕೂಗಿದಳು. ಅಪ್ಪಯ್ಯ 'ಆಯ್ತು' ಎಂದಾಗ ನಾಲ್ಕು ನಿಮಿಷ ಸಮೀಪಿಸಿತ್ತು. ಅಂದರೆ ಅವರ ಅಂದಾಜಿಗಿಂತ ಗಡಿಯಾರವೇ ಮುಂದಿತ್ತು. ಅಮ್ಮ ನನ್ನ ಲೆಕ್ಕವನ್ನು ಮರೆತೇಬಿಟ್ಟಿದ್ದರು, ಆದರೆ ಮಾತಿನ ನಡುವೆಯೇ ಎದ್ದುಹೋಗಿ, ಒಲೆಯ ಮೇಲಿನ ಹಾಲು ಇನ್ನೇನು ಉಕ್ಕಬೇಕೆನ್ನುವಾಗ ಇಳಿಸಿ ಬಂದರು. ಇವರಿಗೆ ಪರಿವೆಯಿಲ್ಲ ಎನ್ನುವುದು ಹೇಗೆ? ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಹರಟುತ್ತ ಕೂತ ಹೆಂಗಸರು ರಾತ್ರಿ ಹನ್ನೊಂದಾದರೂ ಒಂಬತ್ತೆಂದುಕೊಳ್ಳುತ್ತಾರೆ. ಅವರನ್ನೇ ಕೈಗೆ ಕೆಲಸವಿಲ್ಲದೆ ಸಾಲಿನಲ್ಲಿ ನಿಲ್ಲಿಸಿದರೆ ಅರ್ಧ ಗಂಟೆ ಒಂದು ಗಂಟೆಯಾಗುತ್ತದೆ. ಗಮನವೆಲ್ಲ ಹೊತ್ತಿನ ಮೇಲೆಯೇ ನೆಟ್ಟಾಗ ಅದು ಹಿಗ್ಗುತ್ತದೆ, ಕಾಯುವವರ ವಯಸ್ಸು ಎಷ್ಟೇ ಇರಲಿ.

ಆದ್ದರಿಂದ ಆಸ್ಪತ್ರೆ, ಕಚೇರಿಗಳು ಟೋಕನ್ ಕೊಡುವಾಗ ಅಂದಾಜು ಸಮಯವನ್ನೂ ಬರೆದುಕೊಡಲಿ, ಈಗ ಯಾವ ಸಂಖ್ಯೆ ನಡೆಯುತ್ತಿದೆ ಎಂಬುದು ಬಾಗಿಲ ಬಳಿಯ ಹಲಗೆಯಲ್ಲಿ ಕಾಣಲಿ. ಅಷ್ಟು ಮಾಡಿದರೆ ಹತ್ತು ನಿಮಿಷಕ್ಕೊಮ್ಮೆ ಕೌಂಟರಿಗೆ ಹೋಗಿ ಕೇಳುವುದು ಅಪ್ಪಯ್ಯನಿಗೂ ತಪ್ಪುತ್ತದೆ, ಉತ್ತರಿಸುವುದು ಅಲ್ಲಿನವರಿಗೂ ತಪ್ಪುತ್ತದೆ.

— ಓದುಗ, ತೀರ್ಥಹಳ್ಳಿ