ಪಡುಕೆರೆಯ ಡ್ರಮ್ ವಿಷಯ: ಮಕ್ಕಳಿಗೂ ಮನೆಯವರಿಗೂ
ಎಲ್ಲರಿಗೂ ನಮಸ್ಕಾರ.

ಪಡುಕೆರೆ ತೀರಕ್ಕೆ ಬಂದು ಬಿದ್ದಿದ್ದ ಡ್ರಮ್ ವಿಷಯ ಈಗ ಎಲ್ಲರಿಗೂ ಗೊತ್ತು. ಮೊದಲು ನೋಡಿದ್ದು ನಮ್ಮ ವಾಲಿಬಾಲ್ ಹುಡುಗರು. ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಕೊಂಡಿದ್ದರು. ಒಬ್ಬ ಮನೆಯಲ್ಲಿ ಹೇಳಿದ. ಈಗ ಉಳಿದವರು ಅವನ ಜೊತೆ ಮಾತು ಬಿಟ್ಟಿದ್ದಾರೆ. ಈ ಗ್ರೂಪ್‌ನಲ್ಲೂ ಅವನನ್ನು ಚಾಡಿಕೋರ ಅಂತ ಬರೆದಿದ್ದರು. ಆ ಮೆಸೇಜ್ ಅಳಿಸಿದ್ದೇನೆ, ಮತ್ತೆ ಹಾಕಬೇಡಿ.

ಮಕ್ಕಳೇ, 2025ರ ಮೇ ತಿಂಗಳಲ್ಲಿ ಕೇರಳದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತು. ಅದರಲ್ಲಿ 640 ಕಂಟೇನರ್ ಇದ್ದವು. ಕೆಲವದರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಅದಕ್ಕೆ ನೀರು ತಾಗಿದರೆ ಅಸಿಟಿಲೀನ್ ಗ್ಯಾಸ್ ಬರುತ್ತದೆ. ಆಮೇಲೆ ಅದು ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ನಿಮಗೆ ಸಿಕ್ಕಿದ ಡ್ರಮ್ ಆ ಹಡಗಿನದು ಅಂತ ಹೇಳುತ್ತಿಲ್ಲ. ಆದರೆ ಹೊರಗಿನಿಂದ ನೋಡಿದರೆ ಒಳಗೇನಿದೆ ಅಂತ ಯಾರಿಗೂ ತಿಳಿಯುವುದಿಲ್ಲ, ಅಲ್ವಾ? ನೀವು ಕಲ್ಲಿನಿಂದ ಮುಚ್ಚಳ ಒಡೆಯಲು ಹೊರಟಿದ್ದಿರಂತೆ. ಕೇಳಿ ನನ್ನ ಎದೆ ಧಸಕ್ಕೆಂದಿತು. ನಿಮ್ಮ ಕೈ, ಕಣ್ಣು ಉಳಿಯಲಿ ಅಂತಲೇ ಅವನು ಹೇಳಿದ್ದು. ನಿಮ್ಮಲ್ಲಿ ಗಟ್ಟಿ ಗೆಳೆಯ ಅವನೇ ಅಂತ ನಾನು ನಂಬಿದ್ದೇನೆ.

ಇಂಥದ್ದು ಮತ್ತೆ ಕಂಡರೆ ಮುಟ್ಟಬೇಡಿ, ಮೂಸಬೇಡಿ, ಫೋಟೋಗೆ ಅಂತಲೂ ಹತ್ತಿರ ಹೋಗಬೇಡಿ. 112ಕ್ಕೆ ಫೋನ್ ಮಾಡಿ. ಕರಾವಳಿ ಕಾವಲು ಪೊಲೀಸರ ಕಚೇರಿಯೂ ಇಲ್ಲೇ ಮಲ್ಪೆಯಲ್ಲಿದೆ. ಮನೆಯಲ್ಲಿ ಬೈಯುತ್ತಾರೆ ಅಂತ ಹೆದರಿಕೆಯಾದರೆ ನನಗೆ ಹೇಳಿ, ನಾನು ಬಂದು ಮಾತಾಡುತ್ತೇನೆ. ಅಪ್ಪ ಅಮ್ಮಂದಿರೇ, ನೀವೂ ಜಾಸ್ತಿ ಬೈಯಬೇಡಿ. ಬೈದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಭಾನುವಾರ ಸಂಜೆ ಆಟ ಇದೆ. ಬರುವಾಗ ಅವನ ಮನೆಗೆ ಹೋಗಿ, ಅವನನ್ನೂ ಕರೆದುಕೊಂಡು ಬನ್ನಿ.